ವಿಜ್ಞಾನಿ, ಎಂಜಿನಿಯರ್ ಮತ್ತು ಅತ್ತೆಯವರ ರೇಡಿಯೋ

ವಿಜ್ಞಾನಿಯನ್ನು ಮದುವೆಯಾದವಳ ಮನೆಯಲ್ಲಿ ಏನಾದರೂ ಕೆಟ್ಟರೆ ಅದು ಬೇಗ ರಿಪೇರಿಯಾಗುವುದಿಲ್ಲ. ಅದು ಯಾಕೆ ಕೆಟ್ಟಿತು ಎಂಬುದು ಮೊದಲು ಗೊತ್ತಾಗಬೇಕು. ನಮ್ಮ ಕುಕ್ಕರು ಒಮ್ಮೆ ಸೀಟಿ ಹೊಡೆಯುವುದನ್ನು ನಿಲ್ಲಿಸಿದಾಗ ನಮ್ಮವರು ಅಡಿಗೆಮನೆಗೆ ಕುರ್ಚಿ ತರಿಸಿಕೊಂಡು ಅದರ ಎದುರು ಕೂತರು. ಉಗಿ ಎಲ್ಲಿಂದ ಹೋಗುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಾಗುವಷ್ಟರಲ್ಲಿ ಒಳಗಿದ್ದ ಅನ್ನ ಗಂಜಿಯಾಗಿತ್ತು. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರು, ವಿಜ್ಞಾನಿಗಳು ಸಂತರಿದ್ದ ಹಾಗೆ, ಊಟವನ್ನೂ ಮರೆಯುತ್ತಾರೆ ಎಂದು ಹೇಳಿದ್ದರು. ಅದನ್ನು ನಂಬಿಯೇ ನಾನು ಬೆಳಗಾವಿಯಿಂದ ಪುಣೆಗೆ ಮದುವೆಯಾಗಿ ಬಂದೆ. ನಮ್ಮವರು ಊಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆಯುತ್ತಾರೆ.

ನನ್ನ ಮೈದುನ ಪ್ರಲ್ಹಾದ ಎಂಜಿನಿಯರು. ಪಿಂಪ್ರಿ ಕಡೆಯ ಕಾರ್ಖಾನೆಯಲ್ಲಿ ಕೆಲಸ, ಮನೆ ನಮ್ಮದೇ ಕೋಥ್ರೂಡಿನ ಕಟ್ಟಡದ ಮೇಲಿನ ಮಹಡಿಯಲ್ಲಿ. ಅವನಿಗೆ ಯಾಕೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಮೆಟ್ಟಿಲಿಳಿಯುವಾಗಲೇ ಜೇಬಿನಿಂದ ಸ್ಕ್ರೂಡ್ರೈವರ್ ಹೊರಗೆ ಬಂದಿರುತ್ತದೆ. ಅವನು ಮುಟ್ಟಿದ ವಸ್ತು ನಡೆಯುತ್ತದೆ, ಆದರೆ ತನ್ನದೇ ರೀತಿಯಲ್ಲಿ ನಡೆಯುತ್ತದೆ. ಅವನು ಸರಿಮಾಡಿದ ಬಚ್ಚಲಿನ ನಲ್ಲಿಯನ್ನು ಉಲ್ಟಾ ತಿರುಗಿಸಬೇಕು. ಇದು ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ ಅತಿಥಿಗಳು ಕೈತೊಳೆಯಲು ಹೋಗಿ ಸ್ನಾನ ಮುಗಿಸಿ ಬರುತ್ತಿದ್ದರು. ಆದರೂ ಅತ್ತೆಯವರ ಭರವಸೆ ಅವನ ಮೇಲೆಯೇ. ಏನು ಕೆಟ್ಟರೂ, "ಸಣ್ಣಾವ ಬರ್ಲಿ ತಡಿ," ಎನ್ನುತ್ತಿದ್ದರು. ದೊಡ್ಡವ ಅಲ್ಲೇ ಪೇಪರು ಓದುತ್ತ ಕೂತಿರುತ್ತಿದ್ದ.

ಪಕ್ಕದ ಮನೆಯ ಮರಾಠಿ ಕಾಕೂ ಕೂಡ ವರ್ಷಕ್ಕೊಮ್ಮೆಯಾದರೂ ನಮ್ಮವರು ಪ್ರಯೋಗಾಲಯದಲ್ಲಿ "ನಕ್ಕಿ ಕಾಯ್ ಕರತಾತ?" ಎಂದು, ಅಂದರೆ ನಿಖರವಾಗಿ ಮಾಡುವುದೇನು ಎಂದು ಕೇಳುತ್ತಿದ್ದರು. ನಾನು ಪ್ಲಾಸ್ಟಿಕ್ಕಿನ ಬಗ್ಗೆ ಏನೋ ಹೇಳುತ್ತಿದ್ದೆ. ಅವರು ಬಕೆಟ್ಟು ಮಾಡುತ್ತಾರೆಯೇ ಎನ್ನುತ್ತಿದ್ದರು. ಇಲ್ಲ, ಬಕೆಟ್ಟು ಯಾಕೆ ಒಡೆಯುತ್ತದೆ ಎಂದು ನೋಡುತ್ತಾರೆ ಎಂದರೆ ಅವರ ಮುಖದಲ್ಲಿ ನನ್ನ ಬಗ್ಗೆ ಕನಿಕರ ಮೂಡುತ್ತಿತ್ತು. ಹೀಗಾಗಿ ವಿಜ್ಞಾನಿ ಹೆಚ್ಚೋ ಎಂಜಿನಿಯರು ಹೆಚ್ಚೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ದಿನವೂ ಊಟದ ಜೊತೆಗೆ ಬಡಿಸಲ್ಪಡುತ್ತಿತ್ತು. "ನಾ ಹೇಳಿದ್ರ ನೀ ಮಾಡ್ತಿ," ಎಂದು ನಮ್ಮವರು. "ನೀ ಹೇಳೂದ್ರಾಗ ನಾ ಮಾಡಿ ಮುಗಿಸಿರ್ತೇನಿ," ಎಂದು ಅವನು. ನಡುವೆ ನಾನು ತುಪ್ಪದ ಗಿಂಡಿ ಹಿಡಿದು ನ್ಯಾಯಾಧೀಶೆಯಂತೆ ನಿಂತಿರುತ್ತಿದ್ದೆ. ಅಂದು ಅನ್ನ ಗಂಜಿಯಾಗಿದ್ದರೆ ತೀರ್ಪು ಎಂಜಿನಿಯರನ ಕಡೆಗೆ, ನಲ್ಲಿಯಿಂದ ಸೀರೆ ನೆನೆದಿದ್ದರೆ ವಿಜ್ಞಾನಿಯ ಕಡೆಗೆ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ಅತ್ತೆಯವರ ರೇಡಿಯೋ ಇಲ್ಲದಿದ್ದರೆ. ತೊಂಬತ್ತರ ದಶಕದ ನಡುವಿನ ಒಂದು ಅಕ್ಟೋಬರ್ ಅದು. ಅತ್ತೆ ಧಾರವಾಡದಿಂದ ಬರುವಾಗ ಒಂದು ಹಳೆಯ, ಪೆಟ್ಟಿಗೆಯಂಥ ರೇಡಿಯೋ ತಂದಿದ್ದರು. ಅದಕ್ಕೆ ಅವರೇ ಹೆಣೆದ ಕ್ರೋಷಾದ ಮುಸುಕು. ಹೊತ್ತು ಮುಳುಗಿದ ಮೇಲೆ ಅದರಲ್ಲಿ ಧಾರವಾಡ ಸ್ಟೇಷನ್ನು, ತುಸು ತೇಲುತ್ತ ಮುಳುಗುತ್ತ, ಕೇಳಿಸುತ್ತಿತ್ತು. ಆ ದಸರೆಯ ನಂತರ ಮಾತ್ರ ಅದರೊಳಗೆ ಜೇನುಗೂಡು ಹೊಕ್ಕಂತೆ ಗುಂಯ್ ಎನ್ನತೊಡಗಿತು. ಅದೇ ಹೊತ್ತಿಗೆ ಅತ್ತೆಯವರ ತಂಗಿ ಸಿಂಧೂ ಮೌಶಿ ಧಾರವಾಡದಿಂದ ಫೋನು ಮಾಡಿದರು. ಅವರ ಓಣಿಯ ಹೆಂಗಸರ ಹಾಡಿನ ಕಾರ್ಯಕ್ರಮ ಬರುವ ಶನಿವಾರ ಸಂಜೆ ರೇಡಿಯೋದಲ್ಲಿ ಬರುವುದಿತ್ತು. ಅದರಲ್ಲಿ ಮೌಶಿ ತಮ್ಮ ತಾಯಿಯ ಬೀಸುವ ಹಾಡು ಹಾಡಿದ್ದರು.

ಆ ಹಾಡಿಗೆ ಮೂರು ನುಡಿ. ಮೊದಲನೆಯದು, ಕೊನೆಯದು ಅತ್ತೆಗೆ ಬರುತ್ತಿದ್ದವು. ಅಕ್ಕಿ ಆರಿಸುವಾಗ, ಬತ್ತಿ ಹೊಸೆಯುವಾಗ ಹಾಡಿಕೊಳ್ಳುತ್ತಿದ್ದರು. ಮೊದಲ ನುಡಿ ಮುಗಿದ ಕೂಡಲೇ ತಡೆದು, ಎಲ್ಲೋ ಸೆರಗು ಸಿಕ್ಕಿಕೊಂಡವರ ಹಾಗೆ ಒಂದು ಗಳಿಗೆ ನಿಂತು, ಕೊನೆಯದಕ್ಕೆ ಹಾರುತ್ತಿದ್ದರು. ನಡುವಿನ ನುಡಿ ಮರೆತುಹೋಗಿತ್ತು. ಅದು ಬರುತ್ತಿದ್ದುದು ಮೌಶಿಗೊಬ್ಬರಿಗೇ. ಫೋನಿನಲ್ಲಿ ಹೇಳು ಎಂದರೆ ಮೌಶಿ ನಕ್ಕು, "ಈಗ ಹೇಳಂಗಿಲ್ಲವಾ. ರೇಡಿಯೋದಾಗ ಹಾಡೇನಿ, ಮಂದಿಗತೆ ನೀನೂ ಕೂತು ಕೇಳು," ಎಂದರಂತೆ. ಅತ್ತೆ ಇದನ್ನು ಹೇಳಿ ಹುಸಿಮುನಿಸು ತೋರಿಸಿದರು. ಅಂದಿನಿಂದ ಶನಿವಾರಕ್ಕೆ ಎಷ್ಟು ದಿನ ಎಂದು ನನ್ನನ್ನು ಕೇಳುತ್ತಲೇ ಇದ್ದರು.

ಪ್ರಲ್ಹಾದ ಅಂದೇ ಸಂಜೆ ತಾಮ್ರದ ತಂತಿ ತಂದು ನಮ್ಮ ಕಿಟಕಿಯಿಂದ ಗಚ್ಚಿಯ ತನಕ ಎಳೆದ. ಮರುದಿನ ಮೇಲೆ ಹೋಗಿ ನೋಡಿದರೆ ಅದರ ಮೇಲೆ ಕಾಕೂನ ಒಂಬತ್ತು ವಾರಿ ಸೀರೆ ಒಣಗುತ್ತಿತ್ತು. ಗುಂಯ್ ಹೋಗಲಿಲ್ಲ. ಅವನು ತಂತಿಯ ದಿಕ್ಕು ಬದಲಿಸಿದ, ಉದ್ದ ಬದಲಿಸಿದ. ನಮ್ಮವರು ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, ದೋಷ ಮನೆಯೊಳಗೇ ಇದೆ, ಯಾವುದೋ ವಿದ್ಯುತ್ ಉಪಕರಣ ಕಾಡುತ್ತಿದೆ ಎಂದರು. ಒಂದೊಂದನ್ನೇ ಬಂದ್ ಮಾಡಿ ನೋಡಬೇಕು. ಆದರೆ ಒಂದು ಸಂಜೆಗೆ ಒಂದೇ ವಸ್ತು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲವಂತೆ. ಒಂದು ಸಂಜೆ ಫ್ರಿಜ್ಜು ಆರಿಸಿದರು. ಮತ್ತೆ ಹಚ್ಚುವುದನ್ನು ಮರೆತದ್ದರಿಂದ ಹಾಲು ಒಡೆಯಿತು. ಮತ್ತೊಂದು ಸಂಜೆ ಟ್ಯೂಬ್‌ಲೈಟು. ಅಂದು ದೇವರ ಮುಂದಿನ ದೀಪದ ಬೆಳಕಿನಲ್ಲೇ ಕಾಯಿಪಲ್ಯ ಹೆಚ್ಚಿದೆ. ಎಲ್ಲವನ್ನೂ ಒಮ್ಮೆಗೇ ಆರಿಸಬಾರದೇ ಎಂದು ನಾನು ಕೇಳಿದ್ದಕ್ಕೆ ಅದು ವಿಧಾನವಲ್ಲ ಎಂದರು. ಇನ್ನು ಉಳಿದದ್ದು ಫ್ಯಾನು. ಅದಕ್ಕೆ ಹೊಸ ನಮೂನೆಯ, ಬೆರಳಿನಿಂದ ತಿರುಗಿಸುವ ಸಣ್ಣ ರೆಗ್ಯುಲೇಟರನ್ನು ದಸರೆಗೆ ಅತ್ತೆಯವರಿಗೆ ಉಡುಗೊರೆಯಾಗಿ ಕೂರಿಸಿದವನು ಪ್ರಲ್ಹಾದನೇ. ಫ್ಯಾನಿನ ಸರದಿ ಶನಿವಾರಕ್ಕೆ ಬಂತು.

ಶನಿವಾರ ಅತ್ತೆ ಇಳಕಲ್ ಸೀರೆ ಉಟ್ಟು, ರೇಡಿಯೋಗೆ ಕಿವಿ ಕೊಟ್ಟು ಕೂತರು. ಹಾಡು ಹಿಡಿದಿಡೋಣವೆಂದು ನಾನು ನಮ್ಮ ಟೇಪ್ ರೆಕಾರ್ಡರನ್ನು ರೇಡಿಯೋದ ಎದುರಿಗಿಟ್ಟು, ಗುಂಡಿಯ ಮೇಲೆ ಬೆರಳಿಟ್ಟು ಪಕ್ಕದಲ್ಲೇ ಕೂತಿದ್ದೆ. ಪ್ರಲ್ಹಾದ ಕಿಟಕಿಯಲ್ಲಿ ತಂತಿ ಹಿಡಿದು ನಿಂತಿದ್ದ, ನಮ್ಮವರು ಬಾಗಿಲ ಬಳಿ ಸ್ವಿಚ್ಚಿನ ಹತ್ತಿರ. ನಿರೂಪಕಿ ಹೆಸರುಗಳನ್ನು ಓದಿದಳು, ನಾನು ಗುಂಡಿ ಒತ್ತಿದೆ, ಗುಂಯ್‌ಗುಡುವ ಜೇನಿನ ನಡುವೆಯೇ ಮೊದಲ ನುಡಿ ಬಂತು. ಅತ್ತೆ ಹಣೆ ಗಂಟಿಕ್ಕಿ ಇನ್ನಷ್ಟು ಬಾಗಿದರು. ಮೊದಲ ನುಡಿ ಮುಗಿಯುವಾಗ ಪ್ರಲ್ಹಾದ ತಂತಿಯನ್ನು ಕಿಟಕಿಯ ಸರಳಿಗೆ ಸುತ್ತಿದ. ಅದೇ ಕ್ಷಣಕ್ಕೆ ನಮ್ಮವರು ಫ್ಯಾನು ಆರಿಸಿದರು. ಜೇನುಗೂಡು ಎದ್ದುಹೋಯಿತು. ಮೌಶಿಯ ದನಿ ಹಿತ್ತಿಲಿನಿಂದ ಕರೆದಷ್ಟು ಸ್ವಚ್ಛವಾಗಿ ಕೋಣೆಯೊಳಗೆ ಬಂತು.

"ನೋಡ್ದಿ ಇಲ್ಲೋ, ಅರ್ಥಿಂಗ್!" ಎಂದ ಪ್ರಲ್ಹಾದ, ಸರಳಿಗೆ ಸುತ್ತಿದ ತಂತಿಯನ್ನು ತೋರಿಸಿ.

"ಅರ್ಥಿಂಗ್ ಅಲ್ಲೋ ಮಾರಾಯಾ, ನಿನ್ನ ರೆಗ್ಯುಲೇಟರು," ಎಂದರು ನಮ್ಮವರು.

ನನ್ನ ರೆಗ್ಯುಲೇಟರಿಗೆ ಹೆಸರಿಡಬ್ಯಾಡ, ಅದರದೇನೂ ತಪ್ಪಿಲ್ಲ ಎಂದು ಅವನು, ದಸರೆಯಿಂದಲೇ ಗುಂಯ್ ಶುರುವಾದದ್ದು ಗೊತ್ತಿಲ್ಲವೇ ಎಂದು ಇವರು. ಇಬ್ಬರನ್ನೂ ಸುಮ್ಮನಿರಿಸಲು ನಾನು. ಕೈಮುಗಿದ ಅತ್ತೆ, "ಯಾರ್ ಮಾಡಿದ್ರಿ ಅಂತ ಆಮ್ಯಾಲೆ ನೋಡ್ಕೋರ್ರೆಪಾ, ಈಗ ಕೇಳ್ರಿ," ಎಂದಾಗ ಎಲ್ಲರೂ ತಣ್ಣಗಾದೆವು. ಆಗ ರೇಡಿಯೋದಲ್ಲಿ ಕೊನೆಯ ನುಡಿ ನಡೆದಿತ್ತು. ಅತ್ತೆಗೆ ಬರುತ್ತಿದ್ದ ನುಡಿ.

ಸ್ವಲ್ಪ ಹೊತ್ತಿಗೆ ಮೌಶಿಯ ಫೋನು. ಅತ್ತೆ ಮಕ್ಕಳ ಮಾನ ಕಾಯ್ದರು. "ಎಲ್ಲಾ ಕೇಳಿದೆವಾ, ಭಾಳ ಛಲೋ ಹಾಡಿದಿ," ಎಂದರು. ಎಲ್ಲಾ ಕೇಳಿದೆ ಎಂದವರು ನಡುವಿನ ನುಡಿ ಹೇಳು ಎಂದು ಮತ್ತೆ ಹೇಗೆ ಕೇಳಬೇಕು? ಊರಿಗೆ ಹೋದಾಗ ಎದುರಿಗೆ ಕೂತು ಹಾಡಿಸಿಕೊಂಡರಾಯಿತು ಎಂದುಕೊಂಡಿದ್ದರು. ಬೇಸಿಗೆಯಲ್ಲಿ ಹೊರಡುವ ಮೊದಲೇ ಮೌಶಿ ಹೋಗಿಬಿಟ್ಟರು. ತಂತಿಯೋ ರೆಗ್ಯುಲೇಟರೋ ಎಂಬುದನ್ನು ಮರುದಿನವೇ ಪರೀಕ್ಷಿಸಿ ನೋಡಬಹುದಿತ್ತು. ಅಣ್ಣತಮ್ಮಂದಿರಿಬ್ಬರೂ ನೋಡಲಿಲ್ಲ.

ಉಳಿದದ್ದು ಆ ಟೇಪು. ಅದರಿಂದ ಮಾತು ತೆಗೆದು ಹಾಡು ಉಳಿಸಲು ಬರುತ್ತದೆಯೇ ಎಂದು ಅತ್ತೆ ಕೇಳಿದಾಗ, ಎರಡೂ ಮನುಷ್ಯರ ದನಿಯೇ ಆದ್ದರಿಂದ ಬೇರೆ ಮಾಡಲು ಆಗುವುದಿಲ್ಲ ಎಂದರು ನಮ್ಮವರು. ಆಗುತ್ತದೆ ಎಂದ ಪ್ರಲ್ಹಾದ ಏನೇನೋ ಜೋಡಿಸಿ ಒಂದು ಪ್ರತಿ ತೆಗೆದ. ಅದರಲ್ಲಿ ಎಲ್ಲರೂ ಬಾವಿಯೊಳಗಿಂದ ಜಗಳಾಡುತ್ತಿದ್ದರು. ಒಬ್ಬರು ಆಗುವುದಿಲ್ಲ ಎಂದು ಸರಿಯಾಗಿ ಹೇಳಿದರು, ಇನ್ನೊಬ್ಬ ಆಗುತ್ತದೆ ಎಂದು ತಪ್ಪಾಗಿ ಮಾಡಿದ. ಅತ್ತೆ ಮಾತ್ರ ಮಧ್ಯಾಹ್ನಗಳಲ್ಲಿ ಮೂಲ ಟೇಪನ್ನೇ ಹಾಕಿಸಿಕೊಂಡು, ಮಕ್ಕಳ ಜಗಳದ ಸಂದಿಯಿಂದ ತಂಗಿಯ ಒಂದೊಂದು ಶಬ್ದ ಹೆಕ್ಕುತ್ತ ಕೂರುತ್ತಿದ್ದರು. ನುಡಿ ಪೂರ್ತಿಯಾಗಲಿಲ್ಲ. ಅವರೂ ಈಗಿಲ್ಲ. ಈ ಕತೆಯನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ: ಒಬ್ಬ ವಿಜ್ಞಾನಿ, ಒಬ್ಬ ಎಂಜಿನಿಯರು ಸೇರಿ ಒಂದು ಹಾಡನ್ನು ಹೇಗೆ ಹಾಳುಮಾಡಿದರು ಎಂದು.

ಈಗ ಮಗಳು ಮೇಧಾ ಇಲ್ಲೇ ಪುಣೆಯ ಖರಾಡಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಆ ಟೇಪನ್ನು ಕಂಪ್ಯೂಟರಿಗೆ ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಒಂದು ಭಾನುವಾರವಿಡೀ ಕೂತಳು. ಕೊನೆಗೆ ನನ್ನನ್ನು ಕರೆದಳು. ಅವಳ ದನಿಯಲ್ಲಿ ಸಂಕೋಚವಿತ್ತು.

"ಅಮ್ಮಾ, ಅಪ್ಪಾನೂ ಕಾಕಾನೂ ದೂರ ನಿಂತಾರ. ಅವರ ಮಾತು ಸಣ್ಣದು ಮಾಡಿದ್ರ ಹಾಡು ಕೇಳಸ್ತದ. ಟೇಪಿಗೆ ಹತ್ತಿ ಕೂತಾಕಿ ನೀನು. ನಿನ್ನ ದನಿ ತೆಗದ್ರ ಅದರ ಜೋಡಿ ಹಾಡೂ ಹೋಗ್ತದ."

ನನ್ನ ದನಿ ಎಲ್ಲಿದೆ ಎಂದು ಕೇಳಿದೆ. ಅವಳು ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಸುಮ್ಮನಿರಿ, ಸ್ವಲ್ಪ ಸುಮ್ಮನಿರಿ, ಇಬ್ಬರೂ ಸುಮ್ಮನಿರಿ, ಅತ್ತ್ಯಾರಿಗೆ ಕೇಳಿಸಬೇಕು, ಸುಮ್ಮನಿರಿ. ಎಷ್ಟೋ ಸಲ ಆ ಟೇಪು ಕೇಳಿದ್ದೆ; ಸುಮ್ಮನಿರಿ ಎನ್ನುವುದನ್ನು ಗದ್ದಲವೆಂದು ನಾನು ಎಣಿಸಿಯೇ ಇರಲಿಲ್ಲ. ಆ ನಡುವಿನ ನುಡಿಯಲ್ಲಿ ವಿಜ್ಞಾನಿ ನುಂಗಿದ್ದು ಅರ್ಧ ಸಾಲು, ಎಂಜಿನಿಯರು ಅರ್ಧ ಸಾಲು. ಉಳಿದದ್ದೆಲ್ಲ ನನ್ನ ಮಧ್ಯಸ್ಥಿಕೆಗೆ ಹೋಗಿದೆ.