ಎರಡನೇ ಬೆಡ್‌ರೂಮಿನ ಬೂದುಗುಂಬಳ

ಮಾರ್ಚ್ ತಿಂಗಳ ತಪಾಸಣೆಯಂದು ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯೊಂದರಲ್ಲಿ ಮೂವರು ವಾಸವಿರುವುದು ಕಂಡುಬಂದಿತು: ಎಂಜಿನಿಯರ್ ಬದರಿನಾಥ್, ಅವರ ಪತ್ನಿ ಚಂಪಾ, ಮತ್ತು ಒಂದು ಬೂದುಗುಂಬಳಕಾಯಿ.

ಬದರಿನಾಥ್ ಹಿಂದೆಂದೂ ತರಕಾರಿ ಬೆಳೆದವರಲ್ಲ. ಪಕ್ಕದ ಬಡಾವಣೆ ಹಿಲ್ಸ್‌ಬರೋದ ರಮಾ ಆಂಟಿ ಕೊಟ್ಟ ನಾಲ್ಕು ಬೀಜಗಳನ್ನು ಅಂಗಳದಲ್ಲಿ ಊರಿದ್ದರು. ಮೂರು ಚಳಿಗೆ ಕೈಕೊಟ್ಟವು. ನಾಲ್ಕನೆಯದು ಗೋಡೆ ಹತ್ತಿ, ತೆರೆದ ಕಿಟಕಿಯಿಂದ ಎರಡನೇ ಬೆಡ್‌ರೂಮಿಗೆ ನುಗ್ಗಿ ಹೂ ಬಿಟ್ಟಿತು. ಬದರಿನಾಥ್ ಚಂಪಾರ ಐಬ್ರೋ ಬ್ರಷ್ಷಿನಿಂದ ತಾವೇ ಪರಾಗ ಮುಟ್ಟಿಸಿದರು. ಅತಿಥಿಗಳ ಮಂಚದ ಮೇಲೆ ಒಂದೇ ಒಂದು ಕಾಯಿ ಕೂತಿತು. ಅಂದಿನಿಂದ ಅದರ ಬೆನ್ನು ಸವರದೆ ಅವರು ಕಾಫಿ ಕುಡಿದವರಲ್ಲ.

ತಪಾಸಣೆಗೆ ಬಂದವರು ಬಾಡಿಗೆ ಏಜೆನ್ಸಿಯ ದತ್ತಾತ್ರೇಯ. ಮೈಸೂರಿನವರೇ, ಆದರೆ ತಪಾಸಣೆಯ ಫಾರಮ್ಮಿನ ಮುಂದೆ ಯಾವ ಊರಿನವರೂ ಅಲ್ಲ.

"ಇಲ್ಲಿ ಯಾರು ಮಲಗ್ತಾರೆ ಸರ್?"

"ಯಾರೂ ಇಲ್ಲ. ಅದು ಕುಂಬಳಕಾಯಿ."

"ಕಾಣ್ತಾ ಇದೆ. ಆದರೆ ತರಕಾರಿ ಅಂಗಳದ ಕಾಲಮ್ಮಿನಲ್ಲಿ ಬರುತ್ತೆ. ಒಳಗಡೆಗೆ ಮೂರೇ ಇರೋದು: ಪೀಠೋಪಕರಣ, ಸಾಕುಪ್ರಾಣಿ, ನಿವಾಸಿ. ಇದು ಬೆಳೀತಾ ಇದೆಯಾ?"

"ವಾರಕ್ಕೆ ಒಂದು ಕಿಲೋ," ಎಂದರು ಬದರಿನಾಥ್, ಹೆಮ್ಮೆ ತಡೆಯಲಾರದೆ.

"ಹಾಗಾದರೆ ಪೀಠೋಪಕರಣ ಅಲ್ಲ. ಓಡಾಡುತ್ತಾ?"

"ಇಲ್ಲ."

"ಪ್ರಾಣಿಯೂ ಅಲ್ಲ," ಎಂದು ದತ್ತಾತ್ರೇಯ ಮೂರನೆಯದಕ್ಕೆ ಗುರುತು ಹಾಕಿದರು.

ಮೂರು ದಿನದಲ್ಲಿ ಏಜೆನ್ಸಿಯಿಂದ ಪತ್ರ ಬಂತು. "ಸದರಿ ನಿವಾಸಿಯ ಕೋಣೆಯನ್ನು ಬೆಚ್ಚಗಿಡತಕ್ಕದ್ದು. ತೊಂಬತ್ತು ದಿನಗಳ ಲಿಖಿತ ನೋಟಿಸ್ ಇಲ್ಲದೆ ನಿವಾಸಿಯನ್ನು ಮನೆಯಿಂದಾಗಲಿ, ಬಳ್ಳಿಯಿಂದಾಗಲಿ ಬೇರ್ಪಡಿಸತಕ್ಕದ್ದಲ್ಲ. ಹೋಳು ಮಾಡುವುದನ್ನು ಬೇರ್ಪಡಿಸುವುದೆಂದೇ ಪರಿಗಣಿಸಲಾಗುವುದು."

ಚಂಪಾ ಮಜ್ಜಿಗೆ ಹುಳಿಗೆಂದು ಆಗಲೇ ತೆಂಗಿನಕಾಯಿ ತುರಿದಿದ್ದರು. "ರೀ, ನೋಟಿಸ್ ಕೊಟ್ಟುಬಿಡಿ," ಎಂದರು.

ಬದರಿನಾಥ್ ಮಂಚದ ಮುಂದೆ ನಿಂತು ನೋಟಿಸ್ ಓದಿದರು. ಓದಿ ಮುಗಿಸಿ ಕಾಯಿಯ ಬೆನ್ನು ಸವರಿದರು. ಸ್ವೀಕೃತಿಯ ಸಹಿ ಬೇಕಿದ್ದುದರಿಂದ ಕಾಗದವನ್ನು ಕಾಯಿಗೆ ಒತ್ತಿದರು. ಅಂಟಿದ ಬೂದಿಯನ್ನು ಏಜೆನ್ಸಿಯವರು ಹೆಬ್ಬೆಟ್ಟಿನ ಗುರುತೆಂದು ಒಪ್ಪಿಕೊಂಡರು.

ದಂಪತಿಗಳು ಎರಡು ಚಳಿಗಾಲ ಕೇಳಿದರೂ ಬಾರದಿದ್ದ ಹೀಟರ್, ಹೊಸ ನಿವಾಸಿಯ ಹೆಸರಿನಲ್ಲಿ ಮರುದಿನವೇ ಬಂತು. ಆ ದೇಶದಲ್ಲಿ ಚಳಿಗಾಲ ಶುರುವಾಗುವ ಜೂನ್ ಹೊತ್ತಿಗೆ ಬದರಿನಾಥ್ ಮತ್ತು ಚಂಪಾ ಆ ಕೋಣೆಯಲ್ಲೇ, ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿ ಸುಖವಾಗಿ ಮಲಗತೊಡಗಿದರು.

ತೊಂಬತ್ತನೇ ದಿನ ಚಂಪಾ ಚಾಕು ಹಿಡಿದು ನಿಂತಿದ್ದಾಗ ದತ್ತಾತ್ರೇಯ ಮತ್ತೆ ಬಂದರು.

"ಓನರ್‌ಗೆ ಬಹಳ ಖುಷಿಯಾಗಿದೆ ಸರ್," ಎಂದು ಮಂಚದ ಮೇಲಿನ ಕಾಯಿಯ ಕಡೆ ಕೈ ತೋರಿಸಿದರು. "ಇವರು ಗೋಡೆಗೆ ಮೊಳೆ ಹೊಡೆದಿಲ್ಲ, ಒಗ್ಗರಣೆ ಹಾಕಿ ಹೊಗೆ ಅಲಾರಂ ಕೂಗಿಸಿಲ್ಲ, ನಲ್ಲಿ ಸೋರುತ್ತೆ ಅಂತ ಒಂದು ಇಮೇಲ್ ಕೂಡ ಕಳಿಸಿಲ್ಲ. ಮುಂದಿನ ಒಪ್ಪಂದ ಇವರ ಹೆಸರಿಗೇ ಮಾಡೋಣ ಅಂತಾರೆ."

"ಮತ್ತೆ ನಾವು?" ಎಂದರು ಬದರಿನಾಥ್.

"ಇವರ ಜೊತೆ ಇರಬಹುದು. ಇವರ ಆಕ್ಷೇಪಣೆ ಇರಬಾರದು, ಅಷ್ಟೇ."

ಎಲ್ಲರೂ ಮಂಚದ ಕಡೆ ನೋಡಿದರು. ಒಂದು ನಿಮಿಷ ಕಾದರು. ಆಕ್ಷೇಪಣೆ ಬರಲಿಲ್ಲ.

"ಬಾಡಿಗೆ ಏರಿಸ್ತೀರಾ?" ಎಂದು ಚಂಪಾ ಕೇಳಿದರು.

"ಇಂಥವರಿಗೆ ಏರಿಸೋಕೆ ಮನಸ್ಸು ಬರುತ್ತಾ ಮೇಡಂ?"

ಚಂಪಾ ಚಾಕುವನ್ನು ಡ್ರಾಯರಿನಲ್ಲಿಟ್ಟು ಬಂದು, 'ಸಹವಾಸಿಗಳು' ಎಂದಿದ್ದ ಕಡೆ ಸಹಿ ಹಾಕಿ, ಪೆನ್ನನ್ನು ಗಂಡನಿಗೆ ಕೊಟ್ಟರು.