ಮಾವನ ಕಾರಿಗೆ ಬಂದ ಜ್ವರ

ನಮ್ಮ ಸೋದರಮಾವನಿಗೆ ಜ್ವರ ಬಂದರೆ ಮನೆಯವರಿಗೂ ತಿಳಿಯುವುದಿಲ್ಲ. ಅವರ ಕಾರಿಗೆ ಜ್ವರ ಬಂದರೆ ಮಾತ್ರ ಅರಸೀಕೆರೆಯಲ್ಲಿ ತಿಳಿಯದವರೇ ಇಲ್ಲ!

ರೈಲ್ವೆ ಕೆಲಸದಿಂದ ನಿವೃತ್ತರಾದಾಗ ಅವರು ಯಾರಿಂದಲೋ ಕೊಂಡ ಆ ದುಂಡುಮೈಯ ಹಳೇ ಕಾರು ವಯಸ್ಸಿನಲ್ಲಿ ನನಗಿಂತ ಹಿರಿದು. ಪ್ರತಿ ಭಾನುವಾರ ಅದಕ್ಕೆ ‘ವಾಕಿಂಗ್’ ಆಗಬೇಕು. ನಡೆಯದಿದ್ದರೆ ಮನುಷ್ಯರಿಗೆ ಕೀಲು ಹಿಡಿಯುವ ಹಾಗೆ ಕಾರಿಗೂ ಹಿಡಿಯುತ್ತದಂತೆ. ಊಟ ಮುಗಿಸಿ, ಜಾವಗಲ್ ದಾಟಿ, ಹಳೇಬೀಡಿನ ಕೆರೆಯ ಹತ್ತಿರ ಹೋಗಿ, ಕಾರಿನ ಮುಖವನ್ನು ನೀರಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ಅದು ಸ್ವಲ್ಪ ಹೊತ್ತು ಗಾಳಿ ಕುಡಿದ ಮೇಲೆ ವಾಪಸ್ಸು. ದೇವಸ್ಥಾನ ನೋಡುವುದಿಲ್ಲವೇ ಎಂದು ಕೇಳುತ್ತೀರಾ? ಒಂದು ದಿನವೂ ಇಲ್ಲ!

“ದೇವ್ರನ್ನ ನೋಡೋಕೆ ಊರೋರೆಲ್ಲ ಅವ್ರೆ. ಇದನ್ನ ನೋಡೋಕೆ ಯಾರವ್ರೆ?” ಎಂದು ಕಾರಿನ ಬೆನ್ನು ತಟ್ಟುತ್ತಾರೆ.

ದೇವರ ಮೇಲೆ ಅವರಿಗೆ ನಂಬಿಕೆಯಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣಿಡಲು ಬಂದ ಅತ್ತೆಗೆ, “ಅದನ್ನ ಪಾನಕಕ್ಕೆ ಹಾಕೇ, ಉಪಯೋಗಕ್ಕಾದ್ರೂ ಬರುತ್ತೆ” ಎಂದವರು. ಡಾಕ್ಟರ ಮೇಲೆ ಅದಕ್ಕಿಂತಲೂ ಕಡಿಮೆ ನಂಬಿಕೆ. ಒಂದು ಭಾನುವಾರ ವಾಕಿಂಗ್ ಮುಗಿಸಿ ಬಂದವರು ಕಾರಿನಿಂದ ಇಳಿಯಲಾಗದೆ ಕುಳಿತೇ ಇದ್ದರಂತೆ. ಅಂಗಿ ಬೆವರಿನಿಂದ ತೊಯ್ದಿತ್ತಂತೆ, ಮಾತು ಹೊರಡಲಿಲ್ಲವಂತೆ. ಆಮೇಲೆ “ಗ್ಯಾಸು” ಎಂದು ಮುಗಿಸಿಬಿಟ್ಟರು. ಅತ್ತೆ ನನ್ನನ್ನು ಕರೆದು, “ಅವರೊಬ್ಬರನ್ನೇ ಕಳಿಸಬೇಡ ಕಣಪ್ಪ. ದಾರೀಲಿ ಏನಾದ್ರೂ ಆದ್ರೆ ನನಗೆ ಹೇಳೋರೂ ಇರಲ್ಲ” ಎಂದರು. ಅಂದಿನಿಂದ ನಾನು ಮುಂದಿನ ಸೀಟಿನ ಕಾಯಂ ಗಿರಾಕಿ. ಹೀಗಾಗಿ ಮುಂದೆ ಹೇಳುವುದು ನಾನು ಕಂಡದ್ದು, ಕೇಳಿದ್ದು. ಇದರಲ್ಲಿ ಸೇರಿಸಿದ್ದು ಏನೂ ಇಲ್ಲ.

ಕಾರಿಗೆ ಜ್ವರ ಶುರುವಾದದ್ದೂ ಆ ದಿನಗಳಲ್ಲೇ. ಊರೊಳಗೆ ಓಡಾಡಿದರೆ ಏನೂ ಇಲ್ಲ. ಜಾವಗಲ್ ದಾಟಿದ ಮೇಲೆ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ, ಯಾರೋ ಬೆರಳಿನಿಂದ ತಳ್ಳಿದ ಹಾಗೆ, ಕೆಂಪು ಗೆರೆಯ ಕಡೆಗೆ ಏಳುತ್ತಿತ್ತು. ಜೊತೆಗೆ ಒಂದು ಸದ್ದು. ಗಿಲ್... ಗಿಲ್... ಹಳ್ಳ ಬಂದಾಗ ಜೋರಾಗಿ, ರಸ್ತೆ ಸಮನಾದಾಗ ಮೆತ್ತಗೆ. ಕಾಲುಗೆಜ್ಜೆ ಕಟ್ಟಿದವರು ಯಾರೋ ಕಾರಿನ ಮುಂದೆ ಮುಂದೆ ನಡೆಯುತ್ತಿರುವ ಹಾಗೆ. ಕಾರು ನಿಂತರೆ ಅವರೂ ನಿಲ್ಲುತ್ತಿದ್ದರು!

“ಮಾವ, ಕೇಳಿಸ್ತಾ?”

“ಏನು?”

“ಗೆಜ್ಜೆ ಸದ್ದು.”

“ನಟ್ಟು ಸಡಿಲ ಆಗೈತೆ.”

“ಕಾರಿಂದೋ?”

“ನಿಂದು ಕಣ್ಲಾ!”

ಹೇಳಿ ನಕ್ಕರು. ಆದರೆ ನಗುವಾಗ ಎಡಗೈ ಸ್ಟೇರಿಂಗ್ ಬಿಟ್ಟು ಎದೆಯ ಮೇಲೆ ಹೋಗಿ ಕುಳಿತದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಕೈ ಕೂಡಲೇ ಸ್ವಸ್ಥಾನಕ್ಕೆ ಮರಳಿತು.

ಚಿಕಿತ್ಸೆ ಆರಂಭವಾಯಿತು. ರೇಡಿಯೇಟರ್ ತೊಳೆಸಿದರು, ಅದರ ಮುಚ್ಚಳ ಬದಲಾಯಿಸಿದರು. ಫ್ಯಾನಿನ ಬೆಲ್ಟು ಹೊಸದಾಯಿತು. ನೀರಿನ ಪಂಪು ಹೊಸದಾಯಿತು. ಬಿಸಿಯಾದಾಗ ಇಂಜಿನ್ನಿಗೆ ನೀರು ಬಿಡುವ ಥರ್ಮೋಸ್ಟಾಟನ್ನು ಅತ್ತೆಯ ಹಾಲಿನ ಪಾತ್ರೆಯಲ್ಲಿ ಕುದಿಸಿ, ಬಾಯಿ ತೆರೆಯುತ್ತದೋ ಇಲ್ಲವೋ ಎಂದು ಕಾದು ನೋಡಿದರು. ತೆರೆಯಿತು! ಅಂದಿನ ಕಾಫಿಗೆ ಬಂದ ಗ್ರೀಸಿನ ರುಚಿಯನ್ನು ನಾನು ಇನ್ನೂ ಮರೆತಿಲ್ಲ. ತಮ್ಮ ನಾಡಿಯನ್ನು ಯಾರಿಗೂ ಮುಟ್ಟಗೊಡದ ಮನುಷ್ಯ ಇಂಜಿನ್ನಿಗೆ ಕಿವಿಯಾನಿಸಿ ಗಂಟೆಗಟ್ಟಲೆ ಅದರ ಉಸಿರು ಕೇಳುತ್ತಿದ್ದರು. ಮುಂದಿನ ಭಾನುವಾರ ಕಾರು ಹಳೇಬೀಡಿನ ದಾರಿಯಲ್ಲಿ ಮತ್ತೆ ಕುದಿಯಿತು.

ಬೇಲೂರಿನ ಮೆಕ್ಯಾನಿಕ್ಕನ ಹತ್ತಿರ ಒಯ್ದೆವು. ಅವನು ಬಾನೆಟ್ ಎತ್ತಿ ಎಲ್ಲವನ್ನೂ ತಡವಿ, “ಮುಂದ್ಗಡೆ ಜಾಲರಿ ಬಿಚ್ಚಿ ನೋಡ್ಬೇಕು ಸಾರ್” ಎಂದ.

ಮಾವ ಕಾರಿಗೆ ಅಡ್ಡ ನಿಂತರು. “ಮುಖ ಮುಟ್ಟಂಗಿಲ್ಲ! ಒಂದ್ಸಲ ಬಿಚ್ಚಿದ್ರೆ ಮತ್ತೆ ಅದೇ ನಗು ಬರಲ್ಲ.”

ನೀವು ನಗಬಹುದು. ಆ ಬೆಳ್ಳಿ ಬಣ್ಣದ ಜಾಲರಿ ಅವರ ಕಣ್ಣಿಗೆ ನಗುವ ಬಾಯಿ. ಅದನ್ನು ಅವರೇ ಒರೆಸುತ್ತಾರೆ, ಅದೂ ಪಾಲಿಶು ಹತ್ತಬಾರದೆಂದು ಕನ್ನಡಕ ತೆಗೆದಿಟ್ಟು! ಮೆಕ್ಯಾನಿಕ್ ಕೈ ಒರೆಸಿಕೊಂಡು ಹೇಳಿದ: “ಹಂಗಾದ್ರೆ ನಿಮ್ಮಿಷ್ಟ. ಇನ್ನೊಂದ್ಸಲ ಹಿಂಗೇ ಕುದಿಸಿದ್ರೆ ಇಂಜಿನ್ ಹೆಡ್ಡು ಸೀಳುತ್ತೆ. ನಡುದಾರೀಲಿ ನಿಂತ್ರೆ ಈ ವಯಸ್ನಲ್ಲಿ ತಳ್ಳೋಕಾಯ್ತದಾ ಸಾರ್?”

“ಕಾರಿಗೆ ವಯಸ್ಸಾಗಿಲ್ಲ,” ಎಂದರು ಮಾವ.

“ನಾನು ಕಾರಿನ ಮಾತಾಡ್ಲಿಲ್ಲ,” ಎಂದ ಅವನು.

ಅದರ ಮುಂದಿನ ಭಾನುವಾರದ ಸಂಜೆಯನ್ನು ನಿಧಾನವಾಗಿ ಹೇಳಬೇಕು. ಕೆರೆ ಕಾಣಿಸುವ ಮೊದಲೇ ಮುಳ್ಳು ಕೆಂಪು ದಾಟಿತು. ಕೆರೆಯ ಏರಿ ತಲುಪುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದು ಗಾಜನ್ನು ಮುಚ್ಚಿತು. ಮಾವ ಇಂಜಿನ್ ಆರಿಸಿದರು. ಗಾಳಿಯಿರಲಿಲ್ಲ. ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಆಗ ವಾಸನೆ ಬಂತು. ಎಣ್ಣೆಯ ವಾಸನೆಯಲ್ಲ, ರಬ್ಬರಿನದೂ ಅಲ್ಲ. ಅರಿಶಿನದ ವಾಸನೆ. ಮದುವಣಗಿತ್ತಿಗೆ ಎಣ್ಣೆ ಅರಿಶಿನ ಹಚ್ಚಿ ಬಿಸಿನೀರು ಹುಯ್ದಾಗ ಬಚ್ಚಲಿನಿಂದ ಬರುತ್ತದಲ್ಲ, ಅದೇ. ಸುತ್ತ ಮನೆಯಿಲ್ಲ, ಮನುಷ್ಯರಿಲ್ಲ.

ಮಾವ ಇಳಿದು ಏರಿಯ ಕಲ್ಲಿನ ಮೇಲೆ ಕುಳಿತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಏನಿಲ್ಲ, ಗ್ಯಾಸು. ನೀನು ಗಾಡಿ ನೋಡು,” ಎಂದರು.

ಮೊಬೈಲಿನ ಬೆಳಕು ಹಾಕಿ, ಕಾರಿನ ಮುಂದೆ ಮಂಡಿಯೂರಿ, ಆ ನಗುವ ಬಾಯಿಯೊಳಗೆ ಇಣುಕಿದೆ. ಜಾಲರಿಗೂ ರೇಡಿಯೇಟರಿಗೂ ನಡುವಿನ ಕತ್ತಲಲ್ಲಿ ಏನೇನೋ ನೇತಾಡುತ್ತಿದ್ದವು. ಸಣ್ಣ ಸಣ್ಣವು, ಹಳದಿಯವು, ಕತ್ತು ಬಿಗಿದವು. ಒಂದರ ಮೈಗೊಂದು ಒತ್ತಿಕೊಂಡು, ತಲೆಕೆಳಗಾದ ಬಾವಲಿಗಳ ಹಾಗೆ. ಬೆಳಕು ಬಿದ್ದಾಗ ಒಂದು ಅಲುಗಿತು. ಗಿಲ್! ನಾನು ಹಿಂದಕ್ಕೆ ಬಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕೂಗಿಕೊಂಡೂ ಇರಬೇಕು.

ಮಾವ ಎದ್ದು ಬಂದರು. ಎರಡು ಬೆರಳು ತೂರಿಸಿ ಒಂದನ್ನು ದಾರ ಸಮೇತ ಎಳೆದು ಅಂಗೈ ಮೇಲಿಟ್ಟುಕೊಂಡರು. ಪುಟ್ಟದೊಂದು ಬಟ್ಟೆಯ ಗಂಟು. ಅದರ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇದು ನನ್ನ ಪಂಚೆ ಕಣೋ,” ಎಂದರು. ದನಿ ಕೆಳಗಿಳಿದಿತ್ತು. “ನನ್ನ ಪಂಚೆ ಹರಿದು... ಯಾರೋ ಮಾಟ ಮಾಡ್ಸವ್ರೆ.”

ಯಾರು ಹೇಳಿದ್ದು ಗೊತ್ತಾಯಿತೇ? ನಿಂಬೆಹಣ್ಣನ್ನು ಪಾನಕಕ್ಕೆ ಕಳಿಸಿದ ಮಹಾನುಭಾವರು! ಆದರೆ ಆಗ ನನಗೆ ನಗು ಬರಲಿಲ್ಲ. ಆ ಗಂಟನ್ನು ನಾನು ನಮ್ಮಮ್ಮನ ದೇವರ ಗೂಡಿನಲ್ಲಿ ಕಂಡಿದ್ದೆ. ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಳಗೆ ಕಾಸಿಟ್ಟು, ಹರಕೆ ಹೇಳಿಕೊಂಡು ಕಟ್ಟುವ ಗಂಟು.

“ಮಾಟ ಅಲ್ಲ ಮಾವ. ಮುಡುಪು. ಮಾಲೇಕಲ್ಲು ಬೆಟ್ಟದ ವೆಂಕಟರಮಣಂಗೆ.”

ಕಾರು ತಣ್ಣಗಾದ ಮೇಲೆ, ಕೈಗೆ ಸಿಕ್ಕಷ್ಟು ಗಂಟುಗಳನ್ನು ಬಿಡಿಸಿಕೊಂಡು, ನೀರು ತುಂಬಿಸಿ, ನಾನೇ ಮೆಲ್ಲಗೆ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವರು ಮೊದಲು ಎಳೆದ ಗಂಟನ್ನು ಅಂಗೈಯಲ್ಲೇ ಹಿಡಿದಿದ್ದರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾವನ ಅಂಗೈಯಲ್ಲಿದ್ದುದನ್ನು ನೋಡಿ ತಲೆ ತಗ್ಗಿಸಿದರು.

“ನೀವು ಹೊರಟಾಗೆಲ್ಲ ಒಂದು ಕಟ್ತಿದ್ದೆ. ಜೀವಂತ ವಾಪಸ್ ಬರಲಿ ಅಂತ. ಬಂದ್ರೆ ಬೆಟ್ಟ ಹತ್ತಿ ಒಪ್ಪಿಸ್ಬೇಕು, ಅಲ್ಲೀವರೆಗೂ ಬಿಚ್ಚಂಗಿಲ್ಲ. ಈ ಮಂಡೀಲಿ ಹೆಂಗೆ ಹತ್ಲಿ? ಹಂಗೇ ಸೇರ್ಕೊಂತಾ ಹೋದ್ವು.”

“ಗಾಳಿ ಹೋಗೋ ಜಾಗಕ್ಕೇ ಕಟ್ಟಿದೀಯಲ್ಲೇ! ನನ್ನ ಕಾಪಾಡೋಕೆ ಹೋಗಿ ಇಂಜಿನ್ ಬೇಯಿಸ್ಬಿಟ್ಟೆ!”

“ಮನೇಲಿ ಕಟ್ಟಿದ್ರೆ ಕಿತ್ತು ಬಿಸಾಕ್ತಿದ್ರಿ. ಅಲ್ಲಾದ್ರೆ ನಿಮ್ಮ ಜೊತೇಲೇ ಬರ್ತಿತ್ತು.” ಅತ್ತೆ ಈಗ ತಲೆಯೆತ್ತಿದರು. “ನಿಮಗೆ ಡಾಕ್ಟ್ರು ಬೇಡ, ದೇವ್ರೂ ಬೇಡ. ನನಗೆ ನೀವು ಬೇಕಲ್ಲ ರೀ. ನಾನೇನು ಮಾಡ್ಲಿ?”

ಮಾವ ಅಂಗಳಕ್ಕೆ ಇಳಿದರು. ತಾವೇ ತಿರುಪುಳಿ ಹಿಡಿದು ಕಾರಿನ ಮುಖ ಬಿಚ್ಚಿದರು. ಉಳಿದ ಮುಡುಪುಗಳನ್ನು ಒಂದೊಂದಾಗಿ, ಗಂಟು ಸಡಿಲಾಗದ ಹಾಗೆ, ತೆಗೆದು ಅತ್ತೆಯ ಮಡಿಲಿಗೆ ಹಾಕಿದರು. ಹಬೆಗೆ ಬೆಂದು ಜೀರ್ಣವಾದ ಕೆಲವು ಬಟ್ಟೆಗಳಿಂದ ಕಾಸು ಜಾರಿ ಕೆಳಗಿನ ತಗಡಿಗೆ ಬಿದ್ದಿತ್ತು. ಅದೇ ನಮ್ಮ ಗೆಜ್ಜೆಯವಳು! ಅವನ್ನೂ ಹೆಕ್ಕಿ ಒರೆಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗದೆ, “ಬೆಳಿಗ್ಗೆ ಹಾಸನಕ್ಕೆ ಹೋಗಣ. ನೀನೇ ಓಡಿಸು. ಅವಳೂ ಬರ್ಲಿ,” ಎಂದರು.

ಹಾಸನ ತಲುಪುವವರೆಗೆ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಒಂದು ಸದ್ದೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಮೌನಕ್ಕೇ ನನಗೆ ಹೆಚ್ಚು ಭಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮಾವನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಯಾವಾಗಿನಿಂದ ನೋವು?” ಎಂದರು.

ಕಾರಿನ ಯಾವ ಬೆಲ್ಟು ಯಾವಾಗ ಸವೆಯಿತೆಂದು ನಿದ್ದೆಯಲ್ಲೂ ಹೇಳಬಲ್ಲ ಮಾವ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಸೆರಗಿನ ತುದಿಯನ್ನು, ನಾವು ಯಾರೂ ನೋಡುತ್ತಿಲ್ಲವೆಂದುಕೊಂಡು, ಮೆಲ್ಲಗೆ ಹಿಡಿದುಕೊಂಡರು.

“ಅವಳನ್ನ ಕೇಳಿ ಡಾಕ್ಟ್ರೇ,” ಎಂದರು. “ಅವಳಿಗೆ ಗೊತ್ತು.”