ಇಪ್ಪತ್ತೆರಡೋ ಮೂವತ್ತೆರಡೋ

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಮಗೂ ಹಗುರ, ನನಗೂ ಹಗುರ. ಹೋದ ವರ್ಷ ಸೊಲ್ಲಾಪುರದ ನನ್ನ ನೂಲಿನ ಅಂಗಡಿಯಿಂದ ಕರಜಗಿಯ ಹೊಲಕ್ಕೆ ಮೋಟಾರ್‌ಸೈಕಲ್ಲಿನ ಮೇಲೆ ಹೊರಟಿದ್ದೆ. ಅಕ್ಕಲಕೋಟ ದಾಟಿದ ಮೇಲೆ ಇಬ್ಬರು ಅಡ್ಡಗಟ್ಟಿ, ಚಾಕು ತೋರಿಸಿ ಚೀಲ ಕೇಳಿದರು. ಕೊಟ್ಟೆ. ಚೀಲದ ಚೈನು ಬಿಗಿಯಾಗಿತ್ತು, ಅವರಿಗೆ ಬಿಚ್ಚಲು ಬರಲಿಲ್ಲ. ಅದನ್ನೂ ನಾನೇ ಬಿಚ್ಚಿಕೊಟ್ಟೆ. ಒಳಗಿದ್ದದ್ದು ನೂಲಿನ ನಮೂನೆ ಮತ್ತು ಎರಡು ಕಡಕ್ ರೊಟ್ಟಿ. ಸಿಟ್ಟಿಗೆದ್ದು ನನ್ನನ್ನೇ ಬಾಯಿಗೆ ಬಂದಂತೆ ಬೈದು ಹೋದರು. ಮನೆಯಲ್ಲಿ ಹೆಂಡತಿ ಶಾಂತಾ ಎಲ್ಲವನ್ನೂ ಕೇಳಿ, "ಚೈನ್ ಯಾಕ ತಗದ್ ಕೊಟ್ರಿ?" ಎಂದಳು. ಚಾಕುವಿಗಿಂತ ಆ ಪ್ರಶ್ನೆಯೇ ಹೆಚ್ಚು ಚುಚ್ಚಿತು.

ಮರುವಾರವೇ ರಿವಾಲ್ವರಿನ ಪರವಾನಗಿಗೆ ಅರ್ಜಿ ಹಾಕಿದೆ. ಕಚೇರಿಗಳಿಗೆ ಅಲೆದು ಚಪ್ಪಲಿ ಸವೆದ ಮೇಲೆ ಅದೇನೋ ಕೈಗೆ ಬಂತು, ಗೊತ್ತುಪಡಿಸಿದ ಅವಧಿಯೊಳಗೆ ಕೊಳ್ಳದಿದ್ದರೆ ರದ್ದು ಎಂಬ ಷರತ್ತಿನೊಡನೆ. ಇನ್ನುಳಿದದ್ದು ಗುಂಡಿನ ನಂಬರು ಆರಿಸುವುದು: ಇಪ್ಪತ್ತೆರಡೋ, ಮೂವತ್ತೆರಡೋ. ಇದೇನು ಮಹಾ ಕಷ್ಟ ಎಂದುಕೊಂಡೆ. ಮೂವತ್ತು ವರ್ಷ ನೂಲು ಮಾರಿದವನು ನಾನು. ನಮ್ಮಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣ. ಹತ್ತರ ನೂಲು ಚಾದರಕ್ಕೆ, ಎಂಬತ್ತರದು ಧೋತರಕ್ಕೆ. ಅಂದಮೇಲೆ ಇಪ್ಪತ್ತೆರಡೇ ದಪ್ಪ ಗುಂಡು, ಮೂವತ್ತೆರಡು ನಾಜೂಕಿನದು. ಆದರೂ ಖಾತ್ರಿ ಇರಲಿ ಎಂದು ಕರಜಗಿಯ ನನ್ನ ದೊಡ್ಡಪ್ಪನ ಮಗ ಮಲ್ಲಣ್ಣನಿಗೆ ಫೋನು ಮಾಡಿದೆ. ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲು ಅವನ ಹತ್ತಿರ ಹನ್ನೆರಡು ನಂಬರಿನ ಜೋಡುನಳಿಗೆ ಬಂದೂಕು ಇದೆ.

"ಅಣ್ಣಾ, ಬಂದೂಕಿನಾಗ ಹನ್ನೆರಡು ದಪ್ಪೋ, ಇಪ್ಪತ್ತು ದಪ್ಪೋ?"

"ಹನ್ನೆರಡ ದಪ್ಪ ತಮ್ಮಾ. ಇಪ್ಪತ್ತು ಸಣ್ಣದು. ಯಾಕ, ಏನಾತು?"

"ಏನಿಲ್ಲ. ನಾ ಅಂದಿದ್ದ ಖರೇ ಆತು."

ಈ ಜ್ಞಾನವನ್ನು ಪೇಟೆಯ ತುಂಬ ಹಂಚಿದೆ. ಚಹಾಕ್ಕೆ ಬಂದ ನಾಲ್ಕು ವ್ಯಾಪಾರಿಗಳು "ಬರೋಬರ್ ಅದ" ಎಂದು ತಲೆದೂಗಿದರು. ಅವರೂ ನೂಲಿನವರೇ.

ಅವಧಿ ಮುಗಿಯಲು ಎರಡೇ ದಿನ ಉಳಿದಾಗ ಶಾಂತಾಳನ್ನೂ ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದೆ. "ದಪ್ಪಂದು ಕೊಡ್ರಿ, ಇಪ್ಪತ್ತೆರಡು" ಎಂದು ಗತ್ತಿನಿಂದ ಹೇಳಿದೆ. ಅಂಗಡಿಯ ಮುದುಕ ಕನ್ನಡಕ ಸರಿಪಡಿಸಿಕೊಂಡ.

"ಶೇಠಜೀ, ಉಲ್ಟಾ ಹೇಳಾಕತ್ತೀರಿ. ಮೂವತ್ತೆರಡು ದಪ್ಪ."

"ಮತ್ತ ನಮ್ಮಣ್ಣನ ಹನ್ನೆರಡು?"

"ಅದು ಉದ್ದ ಬಂದೂಕಿನ ಲೆಕ್ಕ. ಅಲ್ಲಿ ನಂಬರ್ ಇಳಿದಂಗ ದಪ್ಪ, ಇಲ್ಲಿ ಏರಿದಂಗ ದಪ್ಪ."

ಅಯ್ಯೋ ಶಿವನೇ! ಒಂದೇ ಅಂಗಡಿ, ಒಂದೇ ಗೋಡೆ, ಎರಡು ಶಾಸ್ತ್ರ! ಮುದುಕ ಪಾಪ, ಎರಡೂ ಗುಂಡುಗಳನ್ನು ನನ್ನ ಅಂಗೈ ಮೇಲಿಟ್ಟ. ನೂಲನ್ನು ಬೆರಳಲ್ಲಿ ಹೊಸೆದು ನಂಬರು ಹೇಳುವ ಕೈ ಇದು. ರೂಢಿಯಂತೆ ಗುಂಡನ್ನೂ ಹೊಸೆಯತೊಡಗಿದೆ. ಮುದುಕ ಒಂದು ಹೆಜ್ಜೆ ಹಿಂದೆ ಸರಿದ. ಸಣ್ಣದು ಸಾಲದು ಅನ್ನಿಸಿತು, ದೊಡ್ಡದು ಹೆಚ್ಚಾಯಿತು ಅನ್ನಿಸಿತು, ಮತ್ತೆ ಮೊದಲಿನಿಂದ ಹೊಸೆದೆ. ಕೊನೆಗೆ ಶಾಂತಾ ನನ್ನ ಮೊಣಕೈ ತಿವಿದಳು.

"ರೀ, ನಂಬರ್ ಹಾಳಾಗಿ ಹೋಗ್ಲಿ. ಎದುರಿಗೆ ಮನಷ್ಯಾ ನಿಂತ್ರ ನೀವು ಹೊಡೀತೀರೇನು?"

"ಹೊಡೀಲಾರದ ಏನು? ಅದಕ್ಕ ಬಂದೀನಿ!" ಎಂದು ಗದರಿಸಿಬಿಟ್ಟೆ. ಆಮೇಲೆ ಮುದುಕನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದೆ: "ಇವೆರಡರಾಗ ಕಡಿಮಿ ನೋವಾಗೋದು ಯಾವುದ್ರಿ?"

"ಯಾರಿಗೆ?"

"ಕಳ್ಳಗ."

ಮುದುಕ ನನ್ನ ಮುಖವನ್ನೊಮ್ಮೆ ನೋಡಿ, ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿ ಬೀಗ ಜಡಿದ. ಶಾಂತಾ ಖಂಡಿತ ನಗುತ್ತಾಳೆಂದು ತಲೆ ತಗ್ಗಿಸಿ ನಿಂತೆ. ನಗಲಿಲ್ಲ. "ನಡ್ರಿ, ಮನಿಗೆ ಹೋಗೂಣು" ಎಂದು, ಮದುವೆಯಾದಾಗಿನಿಂದ ಪೇಟೆಯಲ್ಲಿ ಒಮ್ಮೆಯೂ ಹಿಡಿಯದಿದ್ದ ಕೈಯನ್ನು ಹಿಡಿದಳು. ನನಗೆ ನಾಚಿಕೆಯೂ ಆಯಿತು, ಸುಖವೂ ಆಯಿತು.

ಎರಡು ದಿನ ಕಳೆದು ಪರವಾನಗಿ ರದ್ದಾಯಿತು. ಈಗ ಹೊಲಕ್ಕೆ ಎಸ್‌ಟಿ ಬಸ್ಸಿನಲ್ಲೇ ಹೋಗುತ್ತೇನೆ. ಯಾವ ನಂಬರು ತೆಗೆದುಕೊಂಡಿರಿ ಎಂದು ಕೇಳುವವರಿಗೆ, ನನಗೆ ಬೇಕಾದ ನಂಬರು ಇನ್ನೂ ತಯಾರಾಗಿಲ್ಲವಂತೆ ಎನ್ನುತ್ತೇನೆ. ಇಷ್ಟೆಲ್ಲದರಲ್ಲಿ ನಾನು ಆಡಿದ ನಿಜ ಅದೊಂದೇ.